ಬೇಲಿಯ ಹೊರಗಿನ ಅಧ್ಯಕ್ಷರು

ನನ್ನ ಸೋದರಮಾವ ತಮ್ಮ ಕಾಲ ಬಳಿಗೆ ಉರುಳಿ ಬಂದ ಚೆಂಡನ್ನು ಒದೆಯುತ್ತಿರಲಿಲ್ಲ. ಸಂಜೆ ನಮ್ಮ ಬೀದಿಯಲ್ಲಿ ಮಕ್ಕಳು ಆಡುವಾಗ ಚೆಂಡು ಆಗಾಗ ತಪ್ಪಿಸಿಕೊಂಡು ಬಂದು ಅವರ ಬೂಟಿಗೆ ತಾಗಿ ನಿಲ್ಲುತ್ತಿತ್ತು. ಬೇರೆ ಯಾರೇ ಆಗಿದ್ದರೂ, ಎಪ್ಪತ್ತು ದಾಟಿದವರೇ ಆಗಿರಲಿ, ಸುಮ್ಮನೆ ಒಂದು ಏಟು ಕೊಟ್ಟು ಕಳಿಸುತ್ತಿದ್ದರು. ಮಾವ ಹಾಗಲ್ಲ, ಕೈಚೀಲವನ್ನು ಗೋಡೆಗೆ ಒರಗಿಸಿ, ಸವೆದ ಮಂಡಿಗಳನ್ನು ಒಂದೊಂದಾಗಿ ಒಲಿಸಿಕೊಂಡು ಬಗ್ಗಿ, ಚೆಂಡನ್ನು ಎರಡೂ ಕೈಗಳಲ್ಲಿ ಎತ್ತಿ, ಧೂಳೊರೆಸಿ, ನಡೆದು ಹೋಗಿ ಮಕ್ಕಳಿಗೆ ಒಪ್ಪಿಸಿ ಬರುತ್ತಿದ್ದರು. ಒಂದು ಕಾಲಕ್ಕೆ ದೇಶವೆಲ್ಲ ಕೊಂಡಾಡಿದ ಎಡಗಾಲು ಅದು! ಜಾಗತಿಕ ಫುಟ್‌ಬಾಲ್ ಒಕ್ಕೂಟ ಅವರಿಗೆ ಆಜೀವ ನಿಷೇಧ ಹೇರಿತ್ತು: ಆಟಕ್ಕೆ ಸಂಬಂಧಿಸಿದ ಯಾವ ಚಟುವಟಿಕೆಯಲ್ಲೂ ಭಾಗಿಯಾಗಕೂಡದು, ಯಾವ ಕ್ರೀಡಾಂಗಣದೊಳಗೂ ಕಾಲಿಡಕೂಡದು. ಬೀದಿಯ ಚೆಂಡಿಗೂ ಅದು ಅನ್ವಯಿಸುತ್ತದೆಂದು ಆದೇಶ ಹೊರಡಿಸಿದವರು ಕನಸಿನಲ್ಲೂ ನೆನೆದಿರಲಾರರು.

"ಒದ್ದುಬಿಡೋ, ಇಲ್ಲಿ ಯಾರು ನೋಡ್ತಾರೆ?" ಎಂದು ಅವರ ಅಕ್ಕ, ಅಂದರೆ ನನ್ನ ಅಮ್ಮ, ಒಮ್ಮೆ ಬಾಗಿಲಲ್ಲಿ ನಿಂತು ರೇಗಿದಳು.

"ಯಾರೂ ನೋಡಲ್ಲ ಅಂತಾನೇ ಅಕ್ಕಾ, ಅವತ್ತೂ ಮಾಡಿದ್ದು," ಎಂದು ಮಾವ ಒಳಗೆ ಹೋದರು.

ನಡಿಗೆಯಲ್ಲಿ ಮಾತ್ರ ಆಟ ಉಳಿದುಬಿಟ್ಟಿತ್ತು. ಜನರಿಲ್ಲದ ರಸ್ತೆಯಲ್ಲೂ ಎಡಭುಜವನ್ನು ತುಸು ಮುಂದೆ ಚಾಚಿ, ಕಾಣದ ಎದುರಾಳಿಯೊಬ್ಬನನ್ನು ತಪ್ಪಿಸಿ ನುಸುಳುವವರಂತೆ ಓರೆಯಾಗಿ ಸಾಗುತ್ತಿದ್ದರು. ಮೈಮೇಲೆ ಸದಾ ಅದೇ ಕಡುನೀಲಿ ಕೋಟು. ಅದರ ಜೇಬಿನ ಮೇಲಿದ್ದ ಒಕ್ಕೂಟದ ಲಾಂಛನವನ್ನು ತಾವೇ ಬ್ಲೇಡು ಹಿಡಿದು ಬಿಚ್ಚಿದ್ದರು. ಅಷ್ಟು ವರ್ಷ ಬಿಸಿಲು ಕಾಣದ ಆ ಜಾಗದಲ್ಲಿ, ಮಾಸಿದ ಬಟ್ಟೆಯ ನಡುವೆ, ಗುರಾಣಿಯ ಆಕಾರದ ಹೊಸ ನೀಲಿಯೊಂದು ಎದ್ದು ಕಾಣುತ್ತಿತ್ತು. ಬೇರೆ ಕೋಟು ಹೊಲಿಸುತ್ತೇನೆಂದರೆ "ಅದಿರ್ಲಿ" ಎನ್ನುವರು. ಮಂಡಿನೋವು ಹೇಗಿದೆಯೆಂದರೂ ಅದಿರ್ಲಿ, ಊಟವಾಯಿತೇ ಎಂದರೂ ಅದಿರ್ಲಿ. ಊರಿನವರು ಕೊನೆಯವರೆಗೂ ಅವರನ್ನು 'ಅಧ್ಯಕ್ಷರೇ' ಎಂದೇ ಕರೆದರು. ಅದರಲ್ಲಿ ಗೌರವವೆಷ್ಟು, ಕುಟುಕೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮಾವ ಎರಡಕ್ಕೂ ಒಂದೇ ರೀತಿ ತಲೆಬಾಗುತ್ತಿದ್ದರು.

ಅವರು ಆಡಿ ಬೆಳೆದದ್ದು ರೈಲು ಗೋದಾಮಿನ ಹಿಂದಿನ ಜಲ್ಲಿಯ ಬಯಲಿನಲ್ಲಿ. ಸಂಜೆ ತಮ್ಮನ ಮಂಡಿಯಿಂದ ಕಲ್ಲುಚೂರು ಕೀಳುವುದು ಅಮ್ಮನ ಪಾಲಿನ ಕೆಲಸ. ಕಿರಿಯರ ತಂಡದೊಂದಿಗೆ ಮೊದಲ ಸಲ ಹೊರದೇಶಕ್ಕೆ ಹೋದಾಗ ಮಾವ ನಿಜವಾದ ಹುಲ್ಲಿನ ಮೈದಾನಕ್ಕೆ ಇಳಿದರಂತೆ. ಎದುರಾಳಿ ಅಡ್ಡಗಾಲು ಕೊಟ್ಟ. ಇವರು ಮುಗ್ಗರಿಸಿ ಬಿದ್ದರು. ಬಿದ್ದವರು ಏಳಲೇ ಇಲ್ಲ. ಕಾಲು ಮುರಿಯಿತೆಂದು ರೆಫ್ರಿ ಓಡಿ ಬಂದ, ಸ್ಟ್ರೆಚರ್ ಬಂತು. "ನೋವೇ ಆಗ್ಲಿಲ್ಲ ಕಣೋ. ಬಿದ್ರೆ ನೋವಾಗದ ಜಾಗಾನೂ ಇದೆ ಅಂತ ಗೊತ್ತಾಗಿ, ಏಳೋಕೆ ಮನಸ್ಸೇ ಬರ್ಲಿಲ್ಲ," ಎಂದು ಆ ಕಥೆ ಹೇಳುವಾಗ ಅವರ ಮುಖದ ಸುಕ್ಕುಗಳೆಲ್ಲ ಒಮ್ಮೆಲೇ ಸಡಿಲವಾಗುತ್ತಿದ್ದವು.

ನಮ್ಮೂರ ಮಕ್ಕಳೂ ಅಂಥ ಹುಲ್ಲಿನ ಮೇಲೆ ಬೀಳಬೇಕು. ಆಟ ಬಿಟ್ಟ ಮೇಲೆ ಅವರನ್ನು ಸಮಿತಿಯಿಂದ ಸಮಿತಿಗೆ, ಕುರ್ಚಿಯಿಂದ ಕುರ್ಚಿಗೆ ಏರಿಸಿದ ಹಂಬಲ ಇದೊಂದೇ. ರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷರಾದರು, ಜಾಗತಿಕ ಒಕ್ಕೂಟದಲ್ಲಿ ಮತ ಹಾಕುವ ಕೆಲವೇ ಮಂದಿಯಲ್ಲಿ ಒಬ್ಬರಾದರು. ಹೋದಲ್ಲೆಲ್ಲ ಮೈದಾನ ಬೇಡಿದರು. ಸಿಕ್ಕಿದ್ದು ಶಾಲು, ಹಾರ, ಭರವಸೆ.

ಆ ಸಲ ಜಾಗತಿಕ ಪಂದ್ಯಾವಳಿಯ ಆತಿಥ್ಯಕ್ಕಾಗಿ ಎರಡು ದೇಶಗಳು ಪೈಪೋಟಿಗಿಳಿದಿದ್ದವು. ಒಂದರ ಪರವಾಗಿ ಬಂದಿದ್ದವರು ಹಿಂದೆ ಡಿಫೆಂಡರ್ ಆಗಿದ್ದ ಮಹಿಳೆ. ಹೆಣ್ಣುಮಕ್ಕಳಿಗೆ ಮೈದಾನದ ಗೇಟು ತೆರೆಯದಿದ್ದ ಕಾಲದಲ್ಲಿ ಆಡಿದವರು. ಪಂದ್ಯಾವಳಿ ತಮಗೆ ಸಿಕ್ಕರೆ ತಮ್ಮ ದೇಶದ ಸಣ್ಣಸಣ್ಣ ಊರುಗಳಲ್ಲಿ ಹುಡುಗಿಯರಿಗೆ ಮೈದಾನ ಕಟ್ಟುತ್ತೇವೆಂದು ಅವರು ಬಣ್ಣಬಣ್ಣದ ಚಿತ್ರಗಳಿಲ್ಲದೆ, ನೇರ ಮಾತಿನಲ್ಲಿ ಹೇಳಿದರು. ಮಾವ ಎದ್ದು ಹೋಗಿ ಕೈಹಿಡಿದು, "ನನ್ನ ಮತ ನಿಮಗೇ" ಎಂದರು. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಮರುದಿನ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಮೇಜಿಗೆ ಇನ್ನೊಂದು ದೇಶದ ದಲ್ಲಾಳಿ ಬಂದು ಕೂತ. ಮೃದುಭಾಷಿ, ಬೆಲೆಯ ಮಾತೆತ್ತಲಿಲ್ಲ, ಲಕೋಟೆ ಸರಿಸಲಿಲ್ಲ. "ನಿಮಗೇನು ಆಸೆ ಸರ್?" ಎಂದಷ್ಟೇ ಕೇಳಿದ. ಮಾವ ಹುಲ್ಲಿನ ಮಾತು ಹೇಳಿದರು. ಆತ ನಕ್ಕು, "ಅಷ್ಟೇನಾ?" ಎಂದ.

"ಅಷ್ಟೇನಾ ಅಂದ ಕಣೋ," ಎಂದು ಮಾವ ನನ್ನೆದುರು ಎಷ್ಟೋ ಸಲ ಆ ಪದವನ್ನು ಬಾಯಲ್ಲಿ ಹೊರಳಿಸಿದ್ದಾರೆ. "ಜೀವಮಾನವೆಲ್ಲ ಕೇಳ್ಕೊಂಡು ಬಂದಿದ್ದೆ. ಯಾರೂ ಅಷ್ಟೇನಾ ಅಂದಿರಲಿಲ್ಲ."

ಮತದಾನ ಗುಪ್ತವಾಗಿತ್ತು. ಆ ಮಹಿಳೆಯ ದೇಶ ಸೋತಿತು. ಹೊರಗಿನ ಮೊಗಸಾಲೆಯಲ್ಲಿ ಆಕೆ ಜನರನ್ನು ಸರಿಸಿಕೊಂಡು ಬಂದು ಮಾವನ ಎರಡೂ ಕೈ ಹಿಡಿದು, "ನೀವಾದ್ರೂ ನಮ್ಮ ಜೊತೆಗಿದ್ರಿ, ಅದನ್ನ ಮರೆಯಲ್ಲ" ಎಂದರಂತೆ. ಮಾವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ದಲ್ಲಾಳಿ ಮಾತು ತಪ್ಪಲಿಲ್ಲ. ಕಳ್ಳರ ವ್ಯವಹಾರದಲ್ಲಿ ಕೆಲವೊಮ್ಮೆ ಸಾಚಾ ಜನರಿಗಿಂತ ಹೆಚ್ಚಿನ ನಿಯತ್ತಿರುತ್ತದೆ. ಗೋದಾಮಿನ ಹಿಂದಿನ ಜಲ್ಲಿ ಹೋಯಿತು, ಮಣ್ಣು ಬಂತು, ಹುಲ್ಲು ಬಂತು. ಉದ್ಘಾಟನೆಯ ದಿನ ಮಾವ ಬೂಟು ಕಳಚಿ ಒಳಗೆ ನಡೆದಾಡಿದ್ದನ್ನು ನಾನು ಕಂಡಿದ್ದೇನೆ; ಮಗು ಮಲಗಿರುವ ಕೋಣೆಯಲ್ಲಿ ನಡೆಯುವಂತೆ ನಡೆದರು. ಅದೇ ಮೊದಲು, ಅದೇ ಕೊನೆ. ಆಮೇಲೆ ಎಲ್ಲಿಯೋ ಯಾರೋ ಸಿಕ್ಕಿಬಿದ್ದು ಬಾಯಿಬಿಟ್ಟರು, ತನಿಖೆ ಶುರುವಾಯಿತು. ಮತ ಮಾರಿಕೊಂಡ ಉಳಿದ ಮಹನೀಯರು ವಕೀಲರನ್ನು ಹಿಡಿದರು, ಇದ್ದಕ್ಕಿದ್ದಂತೆ ಹೃದ್ರೋಗಿಗಳಾದರು. ಮಾವ ಮಾತ್ರ ವಿಚಾರಣೆಯಲ್ಲಿ, "ಅವರಾಗಿ ಕೊಡಲಿಲ್ಲ, ಕೇಳಿದ್ದು ನಾನೇ," ಎಂದು ಹೇಳಿ ಮನೆಗೆ ಬಂದರು. ನಿಷೇಧ ಬಿತ್ತು. ಬೇರೂರಿದ ಹುಲ್ಲನ್ನು ಯಾರೂ ಕೀಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಸಂಜೆ ಅವರ ತಿರುಗಾಟ ಆ ಮೈದಾನದ ಬೇಲಿಯ ಹೊರಗೆ. ಟೈರು ಅಂಗಡಿಯ ಮಗ್ಗುಲಿನಿಂದ ಹೊರಟು, ಒಣಗಲು ಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ, ಹಿಂಬದಿಯ ಗೇಟಿನವರೆಗೆ. ಒಳಗೆ ಸೀಟಿ ಊದಿದರೆ ನಿಲ್ಲುವರು. ಹುಲ್ಲು ಕತ್ತರಿಸಿದ ದಿನ ಗಾಳಿಯಲ್ಲಿ ಆ ಹಸಿ ವಾಸನೆ ಬಂದರಂತೂ ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು; ಜೊತೆಗಿದ್ದ ನಾನು ಉಳಿದರ್ಧವನ್ನು ಕೇಳುತ್ತಿರಲಿಲ್ಲ.

ರಾಷ್ಟ್ರೀಯ ಸಂಸ್ಥೆಗೆ ಹೊಸಬರು ಬಂದಾಗ ಅದರ ಕಾರ್ಯದರ್ಶಿ ಮನೆಗೇ ಬಂದ. ಒಳ್ಳೆಯ ಮನುಷ್ಯ, ಮಾವನ ಆಟ ನೋಡಿ ಬೆಳೆದವನು. "ಸರ್, ಮೈದಾನಕ್ಕೂ ಮತಕ್ಕೂ ಸಂಬಂಧ ಇದೆ ಅಂತ ನಿಮಗೆ ಗೊತ್ತಿರಲಿಲ್ಲ ಅಂದುಬಿಡಿ. ವಯಸ್ಸು ನೋಡಿ ನಿಷೇಧ ತೆಗೀತಾರೆ. ನಾಳೆಯೇ ಒಳಗೆ ಬರಬಹುದು."

ಮಾವನ ಎಡಗಾಲು ನೆಲದ ಮೇಲೆ ಮೆಲ್ಲಗೆ ಆಡುತ್ತಿತ್ತು. "ಗೊತ್ತಿತ್ತಲ್ಲಪ್ಪಾ," ಎಂದರು, ತಮಗೇ ಬೇಸರವಾದಂತೆ.

ಅವರು ನಿಜವಾಗಿ ಕಾದದ್ದು ಆ ಮಹಿಳೆಗಾಗಿ. ಸುದ್ದಿ ಪತ್ರಿಕೆಗಳಲ್ಲಿ ಬಂದಂದಿನಿಂದ ಫೋನು ಬಡಿದುಕೊಂಡಾಗಲೆಲ್ಲ ತಾವೇ ಎದ್ದು ಹೋಗುತ್ತಿದ್ದರು. ಬೈದಾರು ಎಂಬ ಭಯ, ಬೈಯಲಿ ಎಂಬ ಆಸೆ. ಆಕೆ ಫೋನು ಮಾಡಲಿಲ್ಲ. ವರ್ಷಗಳಾದ ಮೇಲೆ, ತರಬೇತುದಾರರ ಶಿಬಿರಕ್ಕೆಂದು ಈ ಕಡೆ ಬಂದವರು, ಒಂದು ಮಧ್ಯಾಹ್ನ ನಮ್ಮ ಹಜಾರದಲ್ಲಿ ಕೂತಿದ್ದರು. ಅಮ್ಮ ಕೊಟ್ಟ ಟೀ ಆರುತ್ತಿತ್ತು.

"ಬೈಯೋಕೆ ಬಂದಿಲ್ಲ," ಎಂದರು ಆಕೆ. "ಬೈಯೋದೆಲ್ಲ ಆಗಲೇ ಮನೇಲಿ ಒಬ್ಬಳೇ ಬೈದು ಮುಗಿಸಿದ್ದೀನಿ. ಆ ಮೈದಾನ ತೋರಿಸಿ."

ಮಾವ, ಆಕೆ, ನಾನು ಮೂವರೂ ನಡೆದು ಹೋದೆವು. ಗೇಟಿನ ಬಳಿ ಮಾವ ನಿಂತರು. ಆಕೆ ಒಂದು ಕ್ಷಣ ಅವರನ್ನು ನೋಡಿ, ಚಪ್ಪಲಿ ಬಿಟ್ಟು, ಒಬ್ಬರೇ ಒಳಗೆ ಹೋದರು. ಅಭ್ಯಾಸ ಮಾಡುತ್ತಿದ್ದ ಹುಡುಗಿಯರು ದಾರಿ ಬಿಟ್ಟರು. ದೂರದ ಗೋಲುಕಂಬದವರೆಗೆ ನಡೆದು ಅವರು ಹಿಂತಿರುಗುವ ತನಕ ಮಾವ ಗೇಟಿನ ಸರಳು ಹಿಡಿದೇ ಇದ್ದರು.

"ಹೇಗಿದೆ?"

"ಚೆನ್ನಾಗಿದೆ."

"ಆ ಮೂಲೇಲಿ ನೀರು ನಿಲ್ಲುತ್ತಾ?"

"ಇಲ್ಲ. ಮೆತ್ತಗಿದೆ." ಪಾದಕ್ಕಂಟಿದ ಹುಲ್ಲಿನೆಸಳನ್ನು ಕೊಡವಿ ಆಕೆ ಚಪ್ಪಲಿ ಮೆಟ್ಟಿದರು. "ನಮ್ಮ ಹುಡುಗೀರು ಇನ್ನೂ ಕಾರು ನಿಲ್ಸೋ ಜಾಗದಲ್ಲೇ ಆಡ್ತಾರೆ."

ದನಿಯಲ್ಲಿ ಕೋಪವಿರಲಿಲ್ಲ. ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ, ಮಾವ ಕೇಳಲೂ ಇಲ್ಲ. ಆಕೆ ಹತ್ತಿದ ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಮಾವ ಆ ಕಡೆಯೇ ನೋಡುತ್ತಿದ್ದರು.

ಮಾವ ತೀರಿಕೊಂಡಾಗ ಹುಡುಗಿಯರ ತಂಡದ ತರಬೇತುದಾರಳು ಬಂದು, ದೇಹವನ್ನು ಸ್ವಲ್ಪ ಹೊತ್ತು ಮೈದಾನದಲ್ಲಿ ಇರಿಸೋಣವೇ ಎಂದು ಕೇಳಿದಳು. ಅಮ್ಮ ಕಣ್ಣೊರೆಸಿಕೊಂಡು, "ಬೇಡಮ್ಮ, ಅವನು ಒಪ್ಪಲ್ಲ," ಎಂದಳು.

ತನಗಾಗಿ ಏನನ್ನೂ ಬಯಸದವನನ್ನು ಯಾರೂ ಕೊಳ್ಳಲಾರರು ಎಂದು ನಾವು ನಂಬಿಕೊಂಡಿದ್ದೇವೆ. ನನಗೆ ಈಗ ಹಾಗನ್ನಿಸುವುದಿಲ್ಲ. ಲೋಭಿಗೆ ತಾನು ಬಿಕರಿಯಾಗುವ ಹೊತ್ತು ಗೊತ್ತಿರುತ್ತದೆ. ಅವನು ಚೌಕಾಸಿಯಾದರೂ ಮಾಡುತ್ತಾನೆ. ಪರರಿಗಾಗಿ ಹಂಬಲಿಸುವವನು ತನ್ನ ಹಂಬಲವನ್ನೇ ಧರ್ಮವೆಂದುಕೊಂಡು, ಯಾರಾದರೂ ಪ್ರೀತಿಯಿಂದ 'ಅಷ್ಟೇನಾ' ಎಂದ ಕೂಡಲೇ ಇದ್ದದ್ದೆಲ್ಲವನ್ನೂ ಕೊಟ್ಟುಬಿಡುತ್ತಾನೆ. ಇಂಥವರು ಕಟ್ಟಿಸಿದ್ದು ನಿಲ್ಲುತ್ತದೆ, ಅದರಿಂದ ಒಳ್ಳೆಯದೂ ಆಗುತ್ತದೆ. ಅದಕ್ಕೇ ಅವರಿಗೆ ಪಶ್ಚಾತ್ತಾಪವೂ ಪೂರ್ತಿಯಾಗಿ ದಕ್ಕುವುದಿಲ್ಲ. ಅವರನ್ನು ಕ್ಷಮಿಸಲು ನಾವು ಯಾರು? ನಾವು ಅವರ ತಪ್ಪಿನ ನೆರಳಲ್ಲಿ ತಂಪಾಗಿ ಕೂತವರು. ಕ್ಷಮಿಸಬೇಕಾದವರು ಎಲ್ಲೋ ದೂರದ ಊರೊಂದರಲ್ಲಿ, ತಮಗೆ ಏನು ತಪ್ಪಿಹೋಯಿತೆಂಬುದನ್ನೂ ಅರಿಯದೆ, ಇವರ ಹೆಸರನ್ನೂ ಕೇಳದೆ, ಬೆಳೆದು ದೊಡ್ಡವರಾಗುತ್ತಿರುತ್ತಾರೆ.