ಬಂಗಾರದ ಹಂಸದ ತಿಂಡಿ ಚೀಟಿ

"ಅಪ್ಪಾ, ಬಾ ಇಲ್ಲಿ, ಬೇಗ ಬಾ. ಇದನ್ನ ನೀನು ಓದ್ಲೇಬೇಕು," ಎಂದು ಇಲ್ದಿಕೊ ಹೋಟೆಲಿನ ಮೊದಲನೇ ಮಹಡಿಯ ಕಾರಿಡಾರಿನಲ್ಲಿ ನಿಂತು ಕೈಬೀಸಿದಳು. ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟುಗಳಲ್ಲಿ, ಗಾಜಿನಡಿ, ಆರು ಹಳೇ ಚೀಟಿಗಳಿದ್ದವು. ವಿಲ್ಮೋಶ್ ಕೋಲೂರಿಕೊಂಡು ಬಂದ, ಕನ್ನಡಕ ಸರಿಮಾಡಿಕೊಂಡು ಮೊದಲನೆಯದರ ಮೇಲೆ ಬಗ್ಗಿದ. ಬರಹ ಅವನದೇ.

ಬುಡಾಪೆಸ್ಟಿನ ಈ 'ಬಂಗಾರದ ಹಂಸ' ಹೋಟೆಲಿನಲ್ಲಿ ಅವನು ಮೂವತ್ತನಾಲ್ಕು ವರ್ಷ ಬಡಿಸಿದ್ದ, ಅತಿಥಿಯಾಗಿ ಒಂದು ರಾತ್ರಿಯೂ ಮಲಗಿರಲಿಲ್ಲ. ನಿವೃತ್ತನಾದ ಮೇಲಂತೂ ಈ ಬೀದಿಗೇ ಕಾಲಿಟ್ಟವನಲ್ಲ. ಟ್ರಾಮು ಈ ದಾರಿ ಹಿಡಿದರೆ ಮುಖವನ್ನು ನದಿಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ. ಎಂಬತ್ತೈದು ತುಂಬುವ ಹೊತ್ತಿಗೆ ಮಗಳು ಇಲ್ಲಿ ಎರಡು ದಿನಕ್ಕೆ ಕೋಣೆ ಹಿಡಿದೇ ಬಿಟ್ಟಳು. ಮೊಣಕಾಲಿನ ನೆಪ ಹೇಳಿದ, ಬೆನ್ನಿನ ನೆಪ ಹೇಳಿದ, ಕೊನೆಗೆ ಮಂಚ ಮೆತ್ತಗಿರುತ್ತದೆ ಎಂಬ ನೆಪವನ್ನೂ ಹೇಳಿ ನೋಡಿದ. ಇಲ್ದಿಕೊ ಕೇಳುವವಳಲ್ಲ. "ಜೀವಮಾನವೆಲ್ಲ ಬೇರೆಯವರಿಗೆ ತಟ್ಟೆ ಹಿಡಿದೆ. ಒಂದ್ಸಲ ಕೂತ್ಕೊಂಡು ತಿನ್ನು," ಎಂದಿದ್ದಳು. ಮದುವೆಯಾಗದೆ, ತಾಯಿ ಸತ್ತ ಮೇಲೆ ತಂದೆಯನ್ನು ಮಗುವಿನಂತೆ ನೋಡಿಕೊಂಡು ಬಂದ ಮಗಳು. ಅವಳೆದುರು ಇನ್ನೆಷ್ಟು ಹಟ ಮಾಡುವುದು?

"ಕೇಳು," ಎಂದು ಅವಳು ಗಟ್ಟಿಯಾಗಿ ಓದಿದಳು. "'ಏಳನೇ ಮೇಜು. ಸ್ವೀಡನ್ನಿನ ಮಹಾಶಯರು ಮೊಟ್ಟೆಯನ್ನು ಎರಡು ಸಲ ವಾಪಸು ಕಳಿಸಿದರು. ಸರ್ಕಾರದ ಬಗ್ಗೆ ಏನೂ ಆಡಲಿಲ್ಲ. ಬೆಣ್ಣೆಯ ಬಗ್ಗೆ ಆಡಿದರು.' ಬೆಣ್ಣೆ ಮೇಲೂ ಚಾಡಿ ಹೇಳಿದ್ದಾನಲ್ಲಪ್ಪಾ ಪುಣ್ಯಾತ್ಮ!"

ಅವಳ ನಗು ಕೇಳಿ ತಿಂಡಿ ಮನೆಯ ಉಸ್ತುವಾರಿ ನೋಯೆಮಿ ಆಚೆ ಬಂದಳು. ಈ ಮುದುಕರು ಇಲ್ಲಿಯ ಹಳೇ ಬಡಿಸುವವರು, ಇವತ್ತು ಅವರ ಹುಟ್ಟುಹಬ್ಬ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

"ಗೋಡೆ ಒಡೆಸಿದಾಗ ಸಿಕ್ಕಿದ್ದು ಇವು. ತಿಂಡಿ ಮೇಲಕ್ಕೆ ಕಳಿಸೋ ಪುಟ್ಟ ಲಿಫ್ಟ್ ಇತ್ತಂತಲ್ಲ, ಅದರ ಸಂದಿಯಲ್ಲಿ ಬಿದ್ದಿದ್ವು," ಎಂದಳು. "ಹೊರದೇಶದವರಿಗೆ ಇದೇ ಹುಚ್ಚು. ರಾಜರು ಮಲಗಿದ ಮಂಚ ತೋರಿಸ್ತೀವಿ ಬನ್ನಿ ಅಂದ್ರೆ ಬೇಡ, ಈ ಗೂಢಚಾರನ ಮುಂದೆ ನಿಂತು ಫೋಟೋ ಬೇಕು. ನೀವು ಆ ಕಾಲದವರು, ನೀವೇ ಹೇಳಿ ಯಜಮಾನ್ರೇ, ಯಾರಿರಬೋದು ಈ ಆಸಾಮಿ?"

ಆಗಿನ ಕಮ್ಯುನಿಸ್ಟ್ ಸರ್ಕಾರದ ಗುಪ್ತ ಪೊಲೀಸರ ಬೂದು ಕೋಟಿನವನಿಗೆ ಕೊಡುವ ಪ್ರತಿಯನ್ನು ವಿಲ್ಮೋಶ್ ಚೊಕ್ಕವಾಗಿ ಬೇರೆ ಬರೆಯುತ್ತಿದ್ದ. ಇವು ಕರಡು. ತಿಂಡಿಯ ಆರ್ಡರ್ ಬರೆಯುವ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿ, ಆಮೇಲೆ ಲಿಫ್ಟಿನ ಸಂದಿಗೆ ತಳ್ಳುತ್ತಿದ್ದ. ಹರಿದರೆ ಚೂರು ಸಿಗುತ್ತದೆ, ಸುಟ್ಟರೆ ವಾಸನೆ ಬರುತ್ತದೆ ಎಂಬ ಜಾಣತನ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ಆದರೆ ಆ ಮನಸ್ಸಿಗೂ ಕಟ್ಟಡ ಒಂದಲ್ಲ ಒಂದು ದಿನ ರಿಪೇರಿಯಾಗುತ್ತದೆಂದು ಹೊಳೆದಿರಲಿಲ್ಲ.

ಅವನನ್ನು ಸದ್ಯಕ್ಕೆ ಕಾಪಾಡಿದ್ದು ಹೋಟೆಲಿನ ಅಕ್ಷರ. ಆಗ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ತಿಂಗಳು ಒಂದೇ ಬಗೆಯ ಓರೆ ಬರಹ ಕಲಿಸುತ್ತಿದ್ದರು. ಅಡುಗೆಮನೆಯವರು ಯಾರ ಚೀಟಿಯನ್ನಾದರೂ ತಡವರಿಸದೆ ಓದಬೇಕು. ಮನೆಯಲ್ಲಿ ಅವನು ಬಿಡಿಬಿಡಿ ದಪ್ಪಕ್ಷರ ಬರೆಯುತ್ತಿದ್ದ, ಮಗಳು ನೋಡಿದ್ದು ಅದನ್ನೇ.

"ಅಪ್ಪನ್ನ ಯಾಕೆ ಕೇಳ್ತೀರ, ನನ್ನ ಕೇಳಿ," ಎಂದಳು ಇಲ್ದಿಕೊ. "ಅಂಬ್ರುಷ್ ಅಂತ ಲಿಫ್ಟ್ ನಡೆಸೋನು ಒಬ್ಬನಿದ್ದ. ನಮ್ಮ ಸೋದರಮಾವನ್ನ ಹಿಡಿಸಿಕೊಟ್ಟೋನು ಅವನೇ. ಅವನು ಸತ್ತ ಸುದ್ದಿ ಬಂದಾಗ ಅಮ್ಮ 'ಮಾಡಿದ್ದುಣ್ಣೋ ಮಹಾರಾಯ' ಅಂದು ಕಿಟಕಿ ಬಾಗಿಲು ಹಾಕ್ಕೊಂಡ್ಲು. ಅವನ ಮಗಳು ಯೋಲಾನ್ ನನ್ನ ಕ್ಲಾಸು. ಒಂದಿನ ಅವಳ ಜಡೆಗೆ ಶಾಯಿ ಸುರಿದುಬಿಟ್ಟಿದ್ದೆ. ಮೇಷ್ಟ್ರು ಬೈದ್ರೆ, 'ಅವಳಪ್ಪ ಕೊಲೆಗಾರ' ಅಂದಿದ್ದೆ. ಅಲ್ವೇನಪ್ಪಾ, ಅಂಬ್ರುಷನೇ ತಾನೆ?"

"ಇರಬೋದು," ಎಂದ ವಿಲ್ಮೋಶ್.

ಹಾಗೆ ಅಂದದ್ದು ಅದೇ ಮೊದಲಲ್ಲ. ಐವತ್ತೈದು ವರ್ಷಗಳಿಂದ, ಹೆಂಡತಿ ಕೇಳಿದಾಗ, ಅತ್ತೆ ಕೇಳಿದಾಗ, 'ಇರಬೋದು' ಎಂದೇ ಅಂದಿದ್ದ. ಹೌದು ಅನ್ನಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಪಾಪದ ಅಂಬ್ರುಷ್ ಇವರ ಮನೆಯವರನ್ನು ಕಂಡರೆ ಟೋಪಿ ತೆಗೆದು ನಿಲ್ಲುತ್ತಿದ್ದ, ಇವರು ಉಗಿದು ಮುಂದೆ ಹೋಗುತ್ತಿದ್ದರು.

ಹೆಂಡತಿಯ ತಮ್ಮ ಮಿಕ್ಷಾ ಇದೇ ಹೋಟೆಲಿನಲ್ಲಿ ಕೇಕು ಮಾಡುತ್ತಿದ್ದ. ಇಪ್ಪತ್ತಾರರ ಹುಡುಗ, ಬಾಯಿ ಜೋರು, ಕೈ ಬಂಗಾರ. ಹೋಟೆಲಿನಲ್ಲಿ ತಂಗಿದ್ದ ವಿಯೆನ್ನಾದ ದಂಪತಿ ಅವನನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸುವುದೆಂದು ಮಾತಾಗಿತ್ತು. ಗಡಿಯಲ್ಲಿ ಕಾವಲಿನವರು ಬೇರೆ ಯಾವ ಕಾರನ್ನೂ ತಡೆಯದೆ ನೆಟ್ಟಗೆ ಆ ಕಾರಿನ ಹತ್ತಿರ ಬಂದು ಡಿಕ್ಕಿ ತೆಗೆಸಿದರು. ಮೂರು ವರ್ಷ ಸೆರೆಮನೆ. ಹೊರಬಂದಾಗ ಕೆಮ್ಮಿದರೆ ರಕ್ತ. ಎರಡನೇ ಚಳಿಗಾಲವನ್ನು ಅವನು ನೋಡಲಿಲ್ಲ.

ನೋಯೆಮಿ ಒಳಗೆ ಹೋದಳು. ಇಲ್ದಿಕೊ ಒಂದೊಂದೇ ಚೀಟಿ ಓದುತ್ತ, ನಗುತ್ತ ಮುಂದೆ ಸರಿದಳು. "ಅಮ್ಮಾ, ತಿಂಡಿ ಆರುತ್ತೆ, ನಡಿ," ಎಂದು ವಿಲ್ಮೋಶ್ ಅವಳ ತೋಳು ಹಿಡಿದ. "ಇರಪ್ಪಾ, ಇನ್ನೊಂದೇ ಒಂದು," ಎಂದು ಅವಳು ಆರನೆಯ ಚೌಕಟ್ಟಿನ ಮುಂದೆ ನಿಂತಳು.

"'ಕೇಕು ಮಾಡುವ ಹುಡುಗ ಭಾನುವಾರದ ಊಟದಲ್ಲಿ ಹೇಳಿದ. ಹದಿನಾಲ್ಕನೇ ತಾರೀಖು, ಇನ್ನೂರ ಹನ್ನೆರಡನೇ ಕೋಣೆಯ ದಂಪತಿಯ ಕಾರು. ಬೇಡವೆಂದರೂ ಕೇಳುವುದಿಲ್ಲ. ಮುಸಾಯ್ ಅನ್ನುತ್ತಾನೆ. ಊಟ: ಕೋಳಿ ಸಾರು, ಗಸಗಸೆ ಸಕ್ಕರೆಯ ಶಾವಿಗೆ.'"

ಓದುವ ಭರದಲ್ಲಿ ಅವಳಿಗೆ ಮೊದಲು ಕಂಡದ್ದು ಅರ್ಥವಲ್ಲ, ತಪ್ಪು. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳ ಕಾಪಿ ತಿದ್ದಿದವಳ ಕಣ್ಣು. ಹಂಗೇರಿ ಭಾಷೆಯಲ್ಲಿ 'ಯ್' ಎಂಬ ಒಂದು ಸದ್ದಿಗೆ ಎರಡು ಬರಹಗಳಿವೆ, ಒಂಟಿ ಅಕ್ಷರ ಒಂದು, ಜೋಡಿ ಅಕ್ಷರ ಇನ್ನೊಂದು. 'ಮುಸಾಯ್' ಅಂದರೆ ಮಾಡಲೇಬೇಕು, ಬೇರೆ ದಾರಿಯಿಲ್ಲ ಎಂದು. ಅದನ್ನು ಒಂಟಿ ಅಕ್ಷರದಲ್ಲಿ ಬರೆಯಬೇಕು. ವಿಲ್ಮೋಶನಿಗೆ ಅದು ಈ ಜನ್ಮದಲ್ಲಿ ಬರಲಿಲ್ಲ, ಜೋಡಿಯನ್ನೇ ಹಾಕುತ್ತಿದ್ದ. 'ಸೋಪು ತರುವುದು ಮುಸಾಯ್' ಎಂದು ಅವನು ಚೀಟಿ ಬರೆದರೆ ಎಂಟು ವರ್ಷದ ಮಗಳು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿಡುತ್ತಿದ್ದಳು.

"ನೋಡಪ್ಪಾ!" ಎಂದು ಇಲ್ದಿಕೊ ಗಾಜಿಗೆ ಬೆರಳು ಮುಟ್ಟಿಸಿ ನಕ್ಕಳು. "ಈ ಕತ್ತೆಗೂ ನಿನ್ ಥರಾನೇ ಮುಸಾಯ್ ಬರೆಯೋಕೆ ಬರಲ್ಲ!"

ನಗು ಅರ್ಧಕ್ಕೆ ನಿಂತಿತು. ಬೆರಳು ಗಾಜಿನ ಮೇಲೇ ಇತ್ತು. ಅವಳು ಇನ್ನೊಮ್ಮೆ ಮೊದಲಿನಿಂದ ಓದಿದಳು, ಈ ಸಲ ದನಿಯಿಲ್ಲದೆ, ತುಟಿ ಮಾತ್ರ ಆಡಿಸುತ್ತ.

"ಭಾನುವಾರದ ಊಟ," ಎಂದಳು. "ಗಸಗಸೆ ಶಾವಿಗೆ. ಅಜ್ಜಿ ಮಾಡ್ತಿದ್ದಿದ್ದು." ಎಡಗೈ ಎತ್ತಿಕೊಂಡು ಬೆರಳು ಮಡಿಸತೊಡಗಿದಳು. "ಅಜ್ಜಿ ಇದ್ಲು. ಅಮ್ಮ ಇದ್ಲು. ಮಿಕ್ಷಾ ಮಾವ. ನಾನು, ಮೂರು ವರ್ಷದೋಳು." ಹೆಬ್ಬೆರಳು ಉಳಿಯಿತು. ಅದನ್ನು ಮಡಿಸಲಿಲ್ಲ.

ದೇಶದ ಅರ್ಧ ಜನ ಆ ಪದವನ್ನು ಹಾಗೇ ಬರೆಯುತ್ತಾರೆ, ಮಿಕ್ಷಾ ಹೊರಗೂ ಬಾಯಿಬಿಟ್ಟಿರಬಹುದು, ಅಂಬ್ರುಷ್ ಕೇಳಿಸಿಕೊಂಡಿರಬಹುದು ಎಂದು ಹೇಳಬಹುದಿತ್ತು. ಮಾತುಗಳು ಬಾಯಿಯಲ್ಲೇ ಇದ್ದವು. ಆದರೆ ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳು, ನಂಬುತ್ತೇನೆ ಎಂದು ಆ ಕಣ್ಣುಗಳು ಬೇಡಿಕೊಳ್ಳುತ್ತಿದ್ದ ಹಾಗಿತ್ತು. ಆ ಕಣ್ಣುಗಳನ್ನು ನೋಡಿದ ಮೇಲೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ.

"ಗಡಿಗೆ ಹೋಗೋಕೆ ಮುಂಚೆನೇ ಹಿಡಿದು, ಹೆದರಿಸಿ ಬಿಡ್ತೀವಿ ಅಂದಿದ್ರು," ಎಂದ. "ಅವನು ಅಲ್ಲಿ ಗುಂಡು ತಿಂದು ಸಾಯ್ತಾನೆ ಅನ್ನೋ ಭಯ ನಂಗೆ."

ಇಲ್ದಿಕೊ ಗಾಜಿನಿಂದ ಬೆರಳು ತೆಗೆದಳು.

"ನಿಂಗಾಗ ಎದೆ ಕಟ್ತಿತ್ತು. ನಾವಿದ್ದ ನೆಲಮಾಳಿಗೆಯ ಥಂಡಿ. ಗೋಡೆಯೆಲ್ಲ ನೀರು. ಬಿಸಿಲು ಬರೋ ಮನೆ ಕೊಡಿಸ್ತೀವಿ ಅಂದ್ರು."

ಬಿಸಿಲು ಬರುವ ಆ ಮೂರನೇ ಮಹಡಿಯ ಮನೆಯಲ್ಲೇ ಅವಳು ಬೆಳೆದದ್ದು, ನಿನ್ನೆ ಅಲ್ಲಿಂದಲೇ ಇಬ್ಬರೂ ಟ್ಯಾಕ್ಸಿ ಹತ್ತಿದ್ದು. ಅಲ್ಲಿಯ ಕಿಟಕಿಯ ಹತ್ತಿರವೇ ಮಿಕ್ಷಾ ಮಾವನ ಫೋಟೋ ತೂಗುತ್ತಿತ್ತು.

"ಅಮ್ಮನಿಗೆ?"

"ಗೊತ್ತಿರ್ಲಿಲ್ಲ."

"ಯೋಲಾನ್ ಈಗ ಎಲ್ಲಿದ್ದಾಳೆ?"

"ಗೊತ್ತಿಲ್ಲ ಕಣಮ್ಮಾ."

"ಬನ್ನಿ ಬನ್ನಿ, ಎಲ್ಲಾ ಕಾಯ್ತಿದಾರೆ!" ಎಂದು ನೋಯೆಮಿ ಬಾಗಿಲಲ್ಲಿ ನಿಂತು ಕರೆದಳು. ಇಬ್ಬರೂ ಒಳಗೆ ಹೋದರು. ಬೇರೇನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಕಿಟಕಿಯ ಪಕ್ಕದ ಮೇಜಿಗೆ ಬಿಳೀ ಬಟ್ಟೆ ಹಾಸಿ, ವಾಲ್‌ನಟ್ಟಿನ ಕೇಕಿನ ಮೇಲೆ ಎಂಬತ್ತೈದು ಎಂದು ಬರೆದಿಟ್ಟಿದ್ದರು. ಬಡಿಸುವ ಹುಡುಗರು, ಅಡುಗೆಯವರು ಸಾಲಾಗಿ ನಿಂತಿದ್ದರು. ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ ಎಂಬ ಹುಟ್ಟುಹಬ್ಬದ ಹಾಡು ಶುರುವಾಯಿತು. ಪಕ್ಕದ ಮೇಜಿನ ಜರ್ಮನ್ನರೂ ಚಪ್ಪಾಳೆ ತಟ್ಟಿದರು. ವಿಲ್ಮೋಶ್ ಎರಡು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ತಲೆ ತಗ್ಗಿಸಿದ. ಮುದುಕರಿಗೆ ಸಂತೋಷದಲ್ಲಿ ಅಳು ಬರುತ್ತದೆಂದು ಎಲ್ಲರೂ ಮೆಚ್ಚಿಕೊಂಡರು. ಇಲ್ದಿಕೊ ಕೂಡ ಹಾಡಿದಳು. ದನಿ ನಡುಗಲಿಲ್ಲ, ಒಂದು ಪದವೂ ತಪ್ಪಲಿಲ್ಲ.

ಹಾಡು ಮುಗಿದು ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಮಗಳು ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಳು. ಬೆಳ್ಳಿಯ ಹೂಜಿ ತೆಗೆದುಕೊಂಡು ತಂದೆಯ ಬಟ್ಟಲಿಗೆ ಕಾಫಿ ಬಗ್ಗಿಸಿದಳು, ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಹಾಲಿನ ಪಾತ್ರೆ ಎತ್ತಿ ಹಿಡಿದಳು. ವಿಲ್ಮೋಶ್ ಹುಟ್ಟಿ ಕಾಫಿಗೆ ಹಾಲು ಹಾಕಿಕೊಂಡವನಲ್ಲ. ಮೂವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಅವನಿಗೆ ಕಾಫಿ ಮಾಡಿಕೊಟ್ಟವಳು ಅವಳೇ.

"ನಿಮಗೆ ಹಾಲು ಹಾಕ್ಲಾ?" ಎಂದು ಕೇಳಿದಳು.

ಪಾತ್ರೆ ಗಾಳಿಯಲ್ಲೇ ಇತ್ತು. ಅವಳು ಉತ್ತರಕ್ಕೆ ಕಾದಿದ್ದಳು.

"ಬೇಡ," ಎಂದ ವಿಲ್ಮೋಶ್. "ಹಾಗೇ ಕೊಡಿ."