ಐದನೇ ಸೀಟಿನ ‘ಬಂದೆ’

ನಮ್ಮ ವ್ಯಾನಿನಲ್ಲಿ ಪ್ರವಾಸಿಗಳಿಗೆ ಎಂಟು ಸೀಟು. ಮುಂದೆ ಡ್ರೈವರಣ್ಣ, ಅವನ ಪಕ್ಕದಲ್ಲಿ ಗೈಡು, ಅಂದರೆ ನಾನು, ಅವನ ಬಾಯಲ್ಲಿ ‘ಅಕ್ಕ’. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣದ ಎದುರಿನ ಆಫೀಸಿನಿಂದ ಹೊರಟು ಕಡಲಂಚಿನ ರಸ್ತೆ ಹಿಡಿಯುತ್ತೇವೆ. ಗುಹೆಯ ತೀರ, ದೀಪಸ್ತಂಭ, ಮೀನುಗಾರರ ಬಂದರು, ಇಷ್ಟನ್ನು ತೋರಿಸಿ ಸಂಜೆ ಐದಕ್ಕೆ ವಾಪಸು ತಂದು ಇಳಿಸುತ್ತೇವೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸಮುದ್ರ ಕಂಡ ಕೂಡಲೇ ಜನ ಹಿಗ್ಗುತ್ತಾರೆ, ನಾನು ಗಡಿಯಾರ ನೋಡಿಕೊಳ್ಳುತ್ತೇನೆ.

ಹೆಸರು ಹಿಡಿದು ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಒಂದಕ್ಷರ ತಪ್ಪಿದರೂ ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಸೀಟಿನ ನಂಬರು. ಪ್ರತಿ ಜಾಗದಿಂದ ಹೊರಡುವ ಮುಂಚೆ ಒಂದರಿಂದ ಎಂಟರವರೆಗೆ ಕೂಗುತ್ತೇನೆ, ಅವರವರು ಉತ್ತರ ಕೊಡಬೇಕು. ಹೋದ ವರ್ಷದವರೆಗೆ ಆ ಉತ್ತರ ‘ಬಂದೆ’ ಅಂತಿತ್ತು. ಈಗ ‘ಕೂತಿದ್ದೀನಿ’ ಅನ್ನಬೇಕು.

ಇದನ್ನು ಹೇಳುವುದಕ್ಕೆ ನಾನೊಂದು ತಮಾಷೆ ಇಟ್ಟುಕೊಂಡಿದ್ದೇನೆ. ‘ಬಂದೆ’ಯಷ್ಟು ಸುಳ್ಳು ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ ಅನ್ನುತ್ತೇನೆ. ಬಚ್ಚಲಲ್ಲಿ ಮೈತುಂಬ ಸೋಪು ಹಚ್ಚಿಕೊಂಡು ನಿಂತವನೂ ‘ಬಂದೆ’ ಅನ್ನುತ್ತಾನೆ, ಹಾಸಿಗೆಯಲ್ಲಿ ಮುಸುಕು ಎಳೆದುಕೊಂಡವಳೂ ‘ಬಂದೆ’ ಅನ್ನುತ್ತಾಳೆ. ಬಂದವರೂ ಅದನ್ನೇ ಅನ್ನುತ್ತಾರೆ, ಇನ್ನೂ ಹೊರಡದವರೂ ಅದನ್ನೇ ಅನ್ನುತ್ತಾರೆ. ಅದಕ್ಕೇ ನಮ್ಮ ವ್ಯಾನಿನಲ್ಲಿ ಸೀಟಿಗೆ ಭಾರ ಬಿದ್ದ ಮೇಲೇ ಲೆಕ್ಕ. ಜನ ನಗುತ್ತಾರೆ. ಇವತ್ತೂ ಏಳು ಜನ ನಕ್ಕರು. ಐದನೇ ಸೀಟಿನವರು ನಗಲಿಲ್ಲ.

ಅರವತ್ತರ ಆಸುಪಾಸಿನ ಹೆಂಗಸು. ದಾರ ಕಟ್ಟಿದ ಕನ್ನಡಕ, ಸ್ವೆಟರಿನ ಎದೆಯ ಮೇಲೆ ಸಾಲಾಗಿ ನಾಲ್ಕು ಪಿನ್ನು. ಟಿಕೆಟ್ ತೆಗೆದುಕೊಳ್ಳುವಾಗ ಐದನೇ ಸೀಟೇ ಬೇಕು ಅಂತ ಹಟ ಹಿಡಿದಿದ್ದರಂತೆ. ಕಿಟಕಿಯ ಆಸೆ ಇರಬೇಕು ಅಂದುಕೊಂಡಿದ್ದೆ.

ಮುಂಚೆ ಏನನ್ನಬೇಕಿತ್ತು ಅಂತ ಅವರು ಕೇಳಿದರು. ‘ಬಂದೆ’ ಅನ್ನುತ್ತಿದ್ದರು ಅಂದೆ. ಯಾವಾಗಿನಿಂದ ಬದಲಾಯಿತು ಅಂದರು. ಹೋದ ವರ್ಷದಿಂದ ಅಂದೆ. ಯಾರು ಬದಲಾಯಿಸಿದ್ದು ಅಂದರು. ನಾನೇ, ಅಂದೆ. ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಕೆದಕುವ ಸ್ವಭಾವದವರು ಗುಂಪಿಗೆ ಒಬ್ಬರಾದರೂ ಇದ್ದೇ ಇರುತ್ತಾರೆ, ಇವತ್ತಿನ ಪಾಲಿಗೆ ಇವರು ಅಂತ ಮನಸ್ಸಿನಲ್ಲೇ ಗೊಣಗಿಕೊಂಡೆ.

ಗುಹೆಯ ತೀರಕ್ಕೆ ಹತ್ತೂವರೆಗೆ ತಲುಪಿದೆವು. ರಸ್ತೆ ಬಂಡೆಯ ನೆತ್ತಿಯ ಮೇಲಿದೆ. ಅಲ್ಲಿಂದ ನೂರಹನ್ನೆರಡು ಮೆಟ್ಟಿಲು ಇಳಿದರೆ ಮರಳು, ಮರಳಿನ ಆಚೆ ಗುಹೆ. ಸಮುದ್ರ ಹಿಂದೆ ಸರಿದಿರುವಾಗ ಮಾತ್ರ ಆ ಮರಳು ಇರುತ್ತದೆ. ನೀರು ಏರಿದರೆ ಮರಳೂ ಇಲ್ಲ, ಕೆಳಗಿನ ಇಪ್ಪತ್ತು ಮೆಟ್ಟಿಲೂ ಇಲ್ಲ. ಪ್ರತಿ ದಿನ ಅದರ ಹೊತ್ತು ಬದಲಾಗುತ್ತದೆ, ಅವತ್ತಿನ ಹೊತ್ತು ಬರೆದ ಚೀಟಿ ನನ್ನ ಕುತ್ತಿಗೆಯಲ್ಲೇ ತೂಗುತ್ತಿರುತ್ತದೆ. ಹನ್ನೊಂದೂಕಾಲಿಗೆ ಎಲ್ಲರೂ ಮೇಲಿರಬೇಕು ಅಂತ ಮೂರು ಸಲ ಹೇಳಿ ಕಳಿಸಿದೆ. ಆ ಹೆಂಗಸು ಕೊನೆಯವರಾಗಿ ಇಳಿದರು. ಒಂದೊಂದೇ ಮೆಟ್ಟಿಲು ಎಣಿಸುತ್ತಿರುವುದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು.

ಹನ್ನೊಂದೂಕಾಲಿಗೆ ವ್ಯಾನಿನ ಬಾಗಿಲಲ್ಲಿ ನಿಂತು ಕೂಗಲು ಶುರು ಮಾಡಿದೆ. ಒಂದು, ಕೂತಿದ್ದೀನಿ. ಎರಡು, ಕೂತಿದ್ದೀನಿ. ಐದು ಅಂದಾಗ ಉತ್ತರ ವ್ಯಾನಿನ ಒಳಗಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನಿಂದ, ಮೆಟ್ಟಿಲ ಬುಡದಿಂದ ಬಂತು.

“ಬಂದೆ.”

ಮಿಕ್ಕವರನ್ನು ವ್ಯಾನಿನಲ್ಲೇ ಇರಿಸಿಕೊ ಅಂತ ಡ್ರೈವರಣ್ಣನಿಗೆ ಹೇಳಿ ಮೆಟ್ಟಿಲ ಕಡೆ ಓಡಿದೆ.

ಇಲ್ಲಿ ಹೋದ ವರ್ಷದ್ದನ್ನು ಹೇಳಲೇಬೇಕು. ಆವತ್ತು ಐದನೇ ಸೀಟಿನಲ್ಲಿ ಒಬ್ಬ ದರ್ಜಿ ಇದ್ದರು. ಒಬ್ಬರೇ ಬಂದಿದ್ದರು, ಮಂಡಿ ನೋವಿನವರು, ಯಾರಿಗೂ ತೊಂದರೆ ಕೊಡದ ಮನುಷ್ಯ. ತುಂತುರು ಮಳೆ, ಕಿಟಕಿಗಳಿಗೆಲ್ಲ ಆವಿ. ಎರಡನೇ ಸೀಟಿನವರ ಫೋಟೋ ಹುಚ್ಚಿನಿಂದ ಆಗಲೇ ಇಪ್ಪತ್ತು ನಿಮಿಷ ತಡವಾಗಿತ್ತು, ನನ್ನ ತಲೆ ಕಾದ ಬಾಣಲೆಯಾಗಿತ್ತು. ಡ್ರೈವರಣ್ಣನ ಕಿಟಕಿಯ ಪಕ್ಕ, ಮೆಟ್ಟಿಲಿಗೆ ಬೆನ್ನು ಹಾಕಿ ನಿಂತು ನಂಬರು ಕೂಗಿದೆ. ಐದು ಅಂದೆ, ‘ಬಂದೆ’ ಅಂತ ಕೇಳಿಸಿತು. ಪಟ್ಟಿಯಲ್ಲಿ ಗೆರೆ ಎಳೆದೆ, ವ್ಯಾನು ಹೊರಟಿತು. ಕಾಲು ಗಂಟೆಯ ನಂತರ ದೀಪಸ್ತಂಭದ ಹತ್ತಿರ ಬಾಗಿಲು ತೆಗೆದರೆ ಇಳಿದವರು ಏಳೇ ಜನ.

ನಾವು ವಾಪಸು ಬರುವಷ್ಟರಲ್ಲಿ ನೀರು ಹದಿನೈದು ಮೆಟ್ಟಿಲು ಏರಿತ್ತು. ಎರಡು ದಿನದ ಮೇಲೆ ಅವರು ಬಂದರಿನ ಹತ್ತಿರ ಸಿಕ್ಕರು. ಒಂದು ಚಪ್ಪಲಿ ಕೆಳಗಿನಿಂದ ಒಂಬತ್ತನೇ ಮೆಟ್ಟಿಲಿನ ಕಂಬಿಗೆ ಸಿಕ್ಕಿಕೊಂಡಿತ್ತು. ಇಳಿಯುವಾಗ ಕಳಚಿದ್ದೋ ಹತ್ತುವಾಗ ಕಳಚಿದ್ದೋ ಚಪ್ಪಲಿ ಹೇಳುವುದಿಲ್ಲ.

ವಿಚಾರಣೆಯ ಹಿಂದಿನ ದಿನ ಮಾಲೀಕರು ನನ್ನನ್ನು ಕೂರಿಸಿಕೊಂಡು, “ಬಂದೆ ಅಂದ್ರು ತಾನೆ? ಬಂದೆ ಅಂದ್ರೆ ಬಂದ ಹಾಗೇ. ಬಾಗಿಲ ಹತ್ರ ನೋಡಿದೆ ಅಂತ ಒಂದು ಮಾತು ಸೇರಿಸಿ, ಮುಗೀತು,” ಅಂದರು. ನಾನು ಸೇರಿಸಿದೆ. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ, ಗೈಡಿನ ಪರವಾನಗಿ ಹೋದರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಅಧಿಕಾರಿ ವರದಿ ಬರೆದರು: ‘ಹಾಜರಿ ಹೇಳಿದ ನಂತರ ಮೃತರು ಸ್ವಂತ ಇಚ್ಛೆಯಿಂದ ಮತ್ತೆ ಕೆಳಗಿಳಿದಿರುವುದು ಕಂಡುಬರುತ್ತದೆ.’ ಆ ‘ಸ್ವಂತ ಇಚ್ಛೆ’ ಇನ್ನೊಬ್ಬರ ಮನೆಗೆ ಹೋಗಿ ಏನು ಮಾಡೀತು ಅಂತ ನಾನು ಯೋಚಿಸಲಿಲ್ಲ ಅಂದರೆ ಅದೂ ಸುಳ್ಳೇ. ಯೋಚನೆ ಬಂತು, ಆಚೆ ದೂಡಿದೆ. ಆಮೇಲೆ ಆ ‘ಬಂದೆ’ಯನ್ನು ನನ್ನ ಕಿವಿಗೆ ಇನ್ನೊಂದು ಸಲ ಕೇಳುವ ಶಕ್ತಿ ಇರಲಿಲ್ಲ, ಅದಕ್ಕೇ ‘ಕೂತಿದ್ದೀನಿ’ ಮಾಡಿದೆ.

ಆ ಹೆಂಗಸು ಕೆಳಗಿನಿಂದ ನಾಲ್ಕನೇ ಮೆಟ್ಟಿಲ ಮೇಲೆ ನಿಂತಿದ್ದರು. ಅಲೆ ಆಗಲೇ ಬುಡಕ್ಕೆ ಬಡಿಯುತ್ತಿತ್ತು, ಅವರ ಪಾದ ಒದ್ದೆಯಾಗಿತ್ತು. ಮೇಲೆ ಬನ್ನಿ ಅಂತ ಕೈ ಹಿಡಿದೆ. ಅವರು ಜಗ್ಗಲಿಲ್ಲ.

“ಇಲ್ಲಿಂದ ಕೂಗಿದ್ದು ಮೇಲೆ ಕೇಳಿಸ್ತಾ?”

ಕೇಳಿಸಿತು ಅಂದೆ.

“ಬಾಗಿಲ ಹತ್ರ ಕೂಗಿದ ಹಾಗೆ ಕೇಳಿಸ್ತಾ, ಕೆಳಗಿಂದ ಕೂಗಿದ ಹಾಗಾ?”

ಅವರು ಆ ದರ್ಜಿಯ ಹೆಂಡತಿ ಅಂತ ಆಗ ಖಚಿತವಾಯಿತು. ಸ್ವೆಟರಿನ ಮೇಲಿನ ಪಿನ್ನುಗಳು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದವು, ನಾನು ಕೇಳಿಸಿಕೊಂಡಿರಲಿಲ್ಲ.

ಅಲ್ಲೇ, ನೀರಿನ ಪಕ್ಕದಲ್ಲೇ, ಅವರು ಹೇಳಿದರು. ಗಂಡ ಹೆಂಡತಿ ಇಬ್ಬರೂ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದರು. ಒಂದು ದಿನವಾದರೂ ಇಬ್ಬರೂ ಸಮುದ್ರ ನೋಡಿ ಬರೋಣ ಅನ್ನುವುದು ಗಂಡನ ಆಸೆ. ಶಾಲೆಯ ಯೂನಿಫಾರಂ ಮುಗಿಸದೆ ನಾನು ಬರುವುದಿಲ್ಲ, ನಿಮಗೆ ಹೊತ್ತಿಲ್ಲ ಗೊತ್ತಿಲ್ಲ ಅಂತ ಇವರು ರೇಗಿದ್ದರು. ಮಾತಿಗೆ ಮಾತು ಬೆಳೆದು ಅವರು ಒಬ್ಬರೇ ಹೊರಟಿದ್ದರು.

“ಬಾಗಿಲಲ್ಲಿ ನಿಂತು ‘ಬರ್ತೀನಿ’ ಅಂದ್ರು. ನಾನು ‘ಬನ್ನಿ’ ಅನ್ಲಿಲ್ಲ. ತಲೆ ಎತ್ತದೆ ಮಿಷನ್ ತುಳೀತಾನೇ ಇದ್ದೆ.”

ವರದಿ ಬಂದ ಮೇಲೆ ಮಗಳು ಅದನ್ನು ಎರಡು ಸಲ ಓದಿದಳಂತೆ. ಮೇಲೆ ಬಂದ ಅಪ್ಪ ಮತ್ತೆ ಯಾಕೆ ಕೆಳಗೆ ಹೋದರು, ನಿನ್ನಿಂದಲೇ ಹೋದರು ಅಂತ ಹೇಳಿ ಊರಿಗೆ ಹೋದವಳು ವರ್ಷದಿಂದ ತಾಯಿಯ ಫೋನು ಎತ್ತಿಲ್ಲ.

“ಒಂದು ಸಲ ಇಳಿಯೋಕೇ ಆಗದ ಮಂಡಿ ಅದು. ಹತ್ತಿ ಬಂದೋರು ಸಾಯೋಕಲ್ದೆ ಮತ್ತೆ ಯಾಕೆ ಇಳೀತಾರೆ? ವರ್ಷವಿಡೀ ಇದನ್ನೇ ಹೊಲಿದೆ, ಇದನ್ನೇ ಬಿಚ್ಚಿದೆ. ಮೆಟ್ಟಿಲು ಎಷ್ಟಿದೆ ಅಂತ ನೋಡಿ ಹೋಗೋಣ ಅಂತ ಬಂದಿದ್ದೆ, ಅಷ್ಟೇ. ಬೆಳಿಗ್ಗೆ ನೀವು ‘ಬಂದೆ’ ಅನ್ಬೇಡಿ ಅಂದ್ರಿ. ಅವರು ಮೇಲೆ ಬಂದಿರ್ಲೇ ಇಲ್ಲ ಅನ್ನೋದು ನಿಮಗೆ ಗೊತ್ತಿತ್ತು ಅಂತ ಆಗ್ಲೇ ಗೊತ್ತಾಯ್ತು.”

“ಬಾಗಿಲ ಹತ್ರ ನೋಡಿದ್ದು ಸುಳ್ಳು,” ಅಂದೆ. “ಕೆಳಗಿಂದ್ಲೇ ಕೂಗಿದ್ರು.”

ಅವರ ಮುಖ ಸಡಿಲವಾಗಲಿಲ್ಲ. ಅಲೆಯೊಂದು ನಮ್ಮಿಬ್ಬರ ಮೊಣಕಾಲವರೆಗೆ ಬಂದು ಹೋಯಿತು.

“ಬಂದೆ ಅಂತ ಅಂದು ಇಲ್ಲೇ ನಿಂತಿರ್ಲೂಬಹುದು. ಬರೋ ಮನಸ್ಸಿತ್ತಾ ಅವರಿಗೆ? ನನಗೆ ಬೇಕಾಗಿರೋದು ಅದೊಂದೇ.”

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಮಾಲೀಕರಿಗೆ ಹೇಳಿರಲಿಲ್ಲ, ಡ್ರೈವರಣ್ಣನಿಗೆ ಹೇಳಿರಲಿಲ್ಲ, ಹೆತ್ತ ತಾಯಿಗೂ ಹೇಳಿರಲಿಲ್ಲ. ಮೊದಲ ‘ಬಂದೆ’ ನಾನು ತಪ್ಪಾಗಿ ಕೇಳಿಸಿಕೊಂಡದ್ದು, ಅದನ್ನು ಯಾರ ಮುಂದೆಯಾದರೂ ಒಪ್ಪಿಕೊಳ್ಳಬಹುದು. ಇದು ಹಾಗಲ್ಲ. ಇದನ್ನು ಹೇಳಿದರೆ ನನಗೆ ಮುಖ ಅನ್ನುವುದೇ ಉಳಿಯುವುದಿಲ್ಲ.

“ಎರಡು ಸಲ ಕೂಗಿದ್ರು,” ಅಂದೆ. “ಎರಡನೇದು ವ್ಯಾನು ಸ್ಟಾರ್ಟ್ ಆದ್ಮೇಲೆ. ನಾನು ಬಾಗಿಲು ಎಳ್ಕೊತಾ ಇದ್ದೆ. ‘ಬಂದೆ, ಬಂದೆ, ನಿಲ್ಸಿ’ ಅಂದ್ರು. ಜೋರಾಗೇ ಅಂದ್ರು. ಬೇರೆ ಗುಂಪಿನವ್ರು ಯಾರೋ ಅಂದ್ಕೊಂಡೆ. ತಡ ಆಗಿತ್ತು, ಹಾಗೆ ಅಂದ್ಕೊಳ್ಳೋದು ಸುಲಭ ಇತ್ತು.”

“ನಿಲ್ಸಿ ಅಂದ್ರಾ?”

“ಅಂದ್ರು.”

ಅವರು ಮತ್ತೆ ಅದನ್ನೇ ಕೇಳಿದರು, ನಾನು ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲಕ್ಕೆ ಅವರು ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನ್ನ ಮಣಿಕಟ್ಟು ಹಿಡಿದ ಕೈ ಮಾತ್ರ ಬಿಡಲಿಲ್ಲ, ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಹೊಡೆಯುತ್ತಾರೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಅತ್ತರು, ವರ್ಷದಿಂದ ಕಟ್ಟಿಕೊಂಡಿದ್ದನ್ನೆಲ್ಲ ಅತ್ತರು, ಸಂತೋಷಕ್ಕೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ. ಮುಂದಿನ ಅಲೆ ಅವರ ಮಡಿಲು ತೋಯಿಸಿದಾಗ ತೋಳಿಗೆ ಕೈ ಕೊಟ್ಟು ಎಬ್ಬಿಸಿದೆ.

“ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ,” ಅಂದರು. ಅಳತೆ ಹೇಳುವಷ್ಟು ಸಹಜವಾಗಿ ಹೇಳಿದರು. “ಈಗ ಹೇಳಿದ್ದನ್ನ ನನ್ನ ಮಗಳಿಗೆ ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಬರ್ಕೊಡಿ.”

ಮೆಟ್ಟಿಲ ಅರ್ಧದಲ್ಲಿ ಒಂದು ಕಲ್ಲು ಬೆಂಚಿದೆ, ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿಂದ. ತಾಯಿಯ ನಂಬರಾದರೆ ಮಗಳು ಎತ್ತುವುದಿಲ್ಲ ಅಂತ ನನ್ನ ಫೋನಿನಿಂದಲೇ ಮಾಡಿದೆ. ನಾನು ಯಾರು ಅಂತ ಹೇಳಿದೆ. ಸುಳ್ಳು ಹೇಳಿದ್ದನ್ನು ಹೇಳಿದೆ, ಎರಡನೇ ಕೂಗನ್ನು ಹೇಳಿದೆ. ಅಪ್ಪ ಮೇಲೆ ಬಂದೇ ಇರಲಿಲ್ಲ, ಬರುತ್ತಿದ್ದರು, ನಾನು ಬಿಟ್ಟು ಹೋದೆ ಅಂದೆ. ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಲಿ ಅಂತ ಕಾದೆ. ಅವಳು ಕೇಳಿದ್ದು ಒಂದೇ, ಅಮ್ಮ ಅಲ್ಲಿದ್ದಾರಾ ಅಂತ.

ಫೋನು ಕೊಟ್ಟೆ. ತಾಯಿ ಕಿವಿಗೆ ಹಿಡಿದು ಹ್ಞೂಂ, ಹ್ಞೂಂ ಅನ್ನುತ್ತಿದ್ದರು. ಮಗಳು ಇರುವುದು ಎರಡು ರೈಲು ಬದಲಾಯಿಸಿ ಹೋಗಬೇಕಾದ ಊರು. ‘ಬಾಮ್ಮ’ ಅಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಬಂದೆ,” ಅಂದರು ಅವರು. ನೀರು ಇಳಿಯುತ್ತಿದ್ದ ಬಟ್ಟೆಯಲ್ಲಿ, ಅಲ್ಲೇ ನಿಂತು, “ಬಂದೆ ಮಗಳೇ, ಬಂದೆ.”

ಸೀಟಿನ ಪಟ್ಟಿಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ಸ್ವೆಟರಿನಿಂದ ಒಂದು ಪಿನ್ನು ತೆಗೆದು ಒಳಜೇಬಿಗೆ ಚುಚ್ಚಿಕೊಂಡರು. ನಾಳೆ ಬೆಳಿಗ್ಗೆ ವಿಚಾರಣೆಯ ಕಚೇರಿಗೆ ನಾನೇ ಹೋಗಬೇಕು, ಅಲ್ಲಿಗೆ ನನ್ನ ಪರವಾನಗಿಯ ಕಥೆ ಮುಗಿಯಿತು. ನನಗೆ ಭಯವಾಗುತ್ತಿತ್ತು.

ವ್ಯಾನಿನಲ್ಲಿ ಮಿಕ್ಕವರು ತಡವಾಯಿತೆಂದು ಗೊಣಗುತ್ತಿದ್ದರು, ಒದ್ದೆ ಹೆಂಗಸನ್ನು ನೋಡಿ ಕಾಲು ಸರಿಸಿ ದಾರಿ ಬಿಟ್ಟರು. ಪಟ್ಟಿ ನನ್ನ ಕೈಯಲ್ಲಿರಲಿಲ್ಲ, ಬಾಯಲ್ಲೇ ನಂಬರು ಕೂಗಿದೆ. ನಾನು ಐದು ಅನ್ನುವ ಮುಂಚೆಯೇ ಅವರು ‘ಕೂತಿದ್ದೀನಿ’ ಅಂದರು. ಎಂಟು ತಲೆಯನ್ನೂ ಕಣ್ಣಾರೆ ಎಣಿಸಿದೆ, ಎಂಟೂ ಇದ್ದವು. ಆದರೂ ಬಾಗಿಲ ಮೇಲೆ ಕೈಯಿಟ್ಟು ಮೆಟ್ಟಿಲ ಕಡೆ ಕಿವಿಗೊಟ್ಟು ನಿಂತೇ ಇದ್ದೆ.

“ಇನ್ನೂ ಯಾರಾದ್ರೂ ಬರೋದಿದ್ಯಾ ಅಕ್ಕ?” ಅಂತ ಡ್ರೈವರಣ್ಣ ಕೇಳಿದ.

“ಇಲ್ಲ,” ಅಂದೆ. “ಎಲ್ಲ ಬಂದ್ರು.”

ಐದನೇ ಸೀಟಿನವರು ಕಿಟಕಿಯಿಂದ ಕೆಳಗೆ ನೋಡುತ್ತಿದ್ದರು. ನಾನು ಬಾಗಿಲು ಎಳೆದುಕೊಂಡೆ.