ಬಿನ್ನಿನಲ್ಲಿಟ್ಟ ಪಾಡ್ದನ

ಫ್ಯಾನಿನ ಗಾಳಿಗೆ ಅತ್ತೆಯ ಮಂಚದ ಸೊಳ್ಳೆಪರದೆ ಅಲುಗುತ್ತಿದೆ, ಈ ಕಂಪ್ಯೂಟರ್ ಇನ್ನೂ ತೆರೆದುಕೊಳ್ಳುತ್ತಲೇ ಇದೆ, ಬೇಗ ಮಾರಾಯ, ಬೇಗ — ಸುಜಿತ್ ಕದ್ರಿಯ ಆಫೀಸಿನಿಂದ ಫೋನು ಮಾಡಿ ಎಷ್ಟು ಸಲೀಸಾಗಿ ಹೇಳಿದ, ಅತ್ತಿಗೆ, ನಿಮ್ಮ ಡಿಸ್ಕ್ ಫುಲ್ ಆಗಿತ್ತು, ಮೊನ್ನೆ ಬಂದಾಗ ತನ್ನಷ್ಟಕ್ಕೇ ಕ್ಲೀನ್ ಆಗುವ ಹಾಗೆ ಇಟ್ಟಿದ್ದೇನೆ, ರಿಸೈಕಲ್ ಬಿನ್ನಿನಲ್ಲಿ ಮೂವತ್ತು ದಿನ ದಾಟಿದ್ದೆಲ್ಲ ಹೋಗ್ತದೆ, ನೀವು ಎಂತ ಸಹ ಮಾಡ್ಲಿಕ್ಕಿಲ್ಲ. ಮೈದುನನ ಉಪಕಾರ. ಮೂವತ್ತು ದಿನ — ಅತ್ತೆ ಆಸ್ಪತ್ರೆಯಲ್ಲಿ ಹದಿನೆಂಟು, ಶಕ್ತಿನಗರದ ಮನೆಗೆ ಕರೆತಂದು ಹತ್ತು, ಅವರ ಹಾಡು ರೆಕಾರ್ಡ್ ಮಾಡಿದ್ದು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ, ಇಪ್ಪತ್ತೊಂಬತ್ತು, ಅಥವಾ ನಾನು ಲೆಕ್ಕ ತಪ್ಪಿದೆನೋ, ಈ ಗಡಿಬಿಡಿಯಲ್ಲಿ ವಾರ ಯಾವುದೆಂದೇ ನೆನಪಿಲ್ಲ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡುತ್ತಿದ್ದ ತುಳು ಕಥೆಹಾಡು, ಪಾಡ್ದನ, ನಲವತ್ತು ನಿಮಿಷ ಒಂದೇ ಉಸಿರಿಗೆ ಹಾಡಿದರು, ನಡುವೆ ಕೆಮ್ಮು ಬಂತು, ಒಂದು ಸಾಲು ಮರೆಯಿತು, ಎಡಗೈ ಎತ್ತಿ ಬೀಸಿದರು, ಅಳಿಸು ಸ್ನೇಹಾ, ಇದು ಬೇಡ, ನಾಳೆ ಸಮ ಮಾಡಿ ಹಾಡ್ತೇನೆ, ಇಲ್ಲದಿದ್ದರೆ ಈ ದೇಯಿ ಮುದುಕಿಗೆ ಹಾಡ್ಲಿಕ್ಕೆ ಬರುವುದಿಲ್ಲ ಅಂತಾರೆ ಜನ. ಎದುರಿಗೇ ಅಳಿಸಿದೆ. ಅಳಿಸಿದ್ದೆಂದರೆ ಬಿನ್ನಿಗೆ ಹಾಕಿದ್ದು, ಅವರಿಗೂ ಸಮಾಧಾನ, ನನಗೂ — ಕಾಲು ಮುರಿದ ಮಣೆಯನ್ನೂ ಬಿಸಾಡದೆ ಅಟ್ಟಕ್ಕೆ ಹಾಕುವ ಮನೆ ನಮ್ಮದು, ಬಿನ್ ಕೂಡ ಅಂಥದ್ದೇ ಒಂದು ಅಟ್ಟ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಬಲಭಾಗ ಹೋಯಿತು, ಮಾತು ಹೋಯಿತು, ನಾಳೆಯ ಹಾಡೂ ಹೋಯಿತು.

ತೆರೆಯಿತು, ಕರೆಂಟ್ ಬಿಲ್ಲಿನ ಫೋಟೋ, ಮಗಳು ಸಂಚಿತಾಳ ಶಾಲೆಯ ಪ್ರಾಜೆಕ್ಟು, ಯಾರದೋ ಗೃಹಪ್ರವೇಶದ ಕಾಗದ, ಇನ್ನೂ ಕೆಳಗೆ, ಇನ್ನೂ — ಉಂಟು. ಅತ್ತೆ ಪಾಡ್ದನ ಒಂದು, ನಾನೇ ಇಟ್ಟ ಹೆಸರು. ಹೋದ ಜೀವ ಬಂದ ಹಾಗಾಯಿತು, ಮೌಸಿನ ಬಾಣ ಅದರ ಮೇಲೆ, ರಿಸ್ಟೋರ್, ಸರಿ, ಪೆನ್‌ಡ್ರೈವಿಗೊಂದು, ಫೋನಿಗೊಂದು, ಈಗ ಸೆಟ್ಟಿಂಗ್ಸ್, ಸ್ಟೋರೇಜ್, ಆ ನೀಲಿ ಗುಂಡಿ ಆಫ್, ನನ್ನ ಮನೆಯ ಕಸ ನಾನೇ ಗುಡಿಸುತ್ತೇನೆ, ನನ್ನನ್ನು ಕೇಳದೆ ಯಾರೂ ಹಿಡಿಸೂಡಿ ಎತ್ತುವುದು ಬೇಡ, ಎಷ್ಟು ಹಗುರ, ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿಲ್ಲವೆಂದು ಈಗ ಗೊತ್ತಾಗುತ್ತಿದೆ. ಹಾಕಿ ನೋಡುತ್ತೇನೆ, ಸ್ವಲ್ಪವೇ, ಜೋರಾಗಿ — ಅದೇ ಸ್ವರ, ಮನೆ ತುಂಬ, ಅತ್ತೆ ಕಣ್ಣು ತೆರೆದರು, ಕೇಳುತ್ತಿದ್ದಾರೆ, ತಮ್ಮದೇ ಸ್ವರ ಎಂದು ತಿಳಿಯಿತು, ಈಗ ಕೆಮ್ಮು, ಸಾಲು ಮರೆತದ್ದು, ಸೊಳ್ಳೆಪರದೆಯೊಳಗೆ ಅವರ ಎಡಗೈ ಏಳುತ್ತಿದೆ, ಬೀಸುತ್ತಿದೆ, ಸಿಟ್ಟಿನಲ್ಲಿ, ಇಲ್ಲ ಅತ್ತೆ, ಅಳಿಸುವುದಿಲ್ಲ, ಮತ್ತೆ ಬೀಸುತ್ತಿದೆ, ಅಂದು ಅಳಿಸು ಎಂದ ಅದೇ ಕೈ —